ಖಾಲಿ ಬಂಡಿಯ ತೂಕ

ಮೂಳೆ ಡಾಕ್ಟರು ಇಸ್ತ್ರಿಯಕ್ಕನ ಮಂಡಿಯನ್ನು ಮುಟ್ಟಿ ನೋಡಲಿಲ್ಲ. ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿ, "ಪೂರ್ತಿ ಸವೆದುಹೋಗಿದೆ. ಆಪರೇಷನ್ ಆಗಲೇಬೇಕು. ಆದರೆ ಈ ತೂಕಕ್ಕೆ ನಾನು ಕೈ ಹಾಕಲ್ಲ. ತೊಂಬತ್ತೆರಡು ಇದ್ದೀರಿ. ಎಂಬತ್ತೆರಡು ಮಾಡ್ಕೊಂಡು ಬನ್ನಿ, ದಿನ ಕೊಡ್ತೀನಿ," ಎಂದರು. ಅಂಗಡಿಗೆ ಹೋಗಿ ಚೀಲ ಬದಲಾಯಿಸಿಕೊಂಡು ಬನ್ನಿ ಎಂದಷ್ಟು ಸಲೀಸಾಗಿ ಹೇಳಿದರು.

ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು ಲಾಂಡ್ರಿ. ಮೇಲಿನ ವಾರ್ಡುಗಳ ರಕ್ತ, ಕೀವು, ವಾಂತಿ, ಕಣ್ಣೀರು ಎಲ್ಲವನ್ನೂ ಒರೆಸಿದ ಬಟ್ಟೆಗಳು ಬಂಡಿಯಲ್ಲಿ ಕೆಳಗೆ ಬರುತ್ತಿದ್ದವು. ತೊಳೆಸಿಕೊಂಡು, ಹಿಂಡಿಸಿಕೊಂಡು, ಕೊನೆಗೆ ಇಸ್ತ್ರಿಯಕ್ಕನ ಕೈಗೆ ಸೇರುತ್ತಿದ್ದವು. ಮಂಚದಷ್ಟು ಅಗಲದ ಬಿಸಿ ಉರುಳೆಯ ಬಾಯಿಗೆ ಅವಳು ಒದ್ದೆ ಹೊದಿಕೆ ಕೊಟ್ಟರೆ ಆ ಕಡೆ ನಾದಿನಿ ಗರಿಗರಿ ಹೊದಿಕೆ ಎಳೆದುಕೊಂಡು ಮಡಚುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಮಾಡುವ ಕೆಲಸ. ನಿಲ್ಲಲಾರದವರಿಗೆ ಗುತ್ತಿಗೆ ಕಂಪನಿಯವರು ಕೆಟ್ಟ ಮಾತು ಆಡುತ್ತಿರಲಿಲ್ಲ. "ಮನೇಲಿ ಸ್ವಲ್ಪ ರೆಸ್ಟ್ ತಗೊಳ್ಳಮ್ಮಾ" ಎನ್ನುತ್ತಿದ್ದರು. ಹಾಗೆ ರೆಸ್ಟ್ ತೆಗೆದುಕೊಳ್ಳಲು ಹೋದವರು ಯಾರೂ ತಿರುಗಿ ಬಂದದ್ದನ್ನು ಲಾಂಡ್ರಿ ಕಂಡಿರಲಿಲ್ಲ. ಮಂಡಿ ನೆಟ್ಟಗಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಅವಳಿಗೂ ಆ ಸಿಹಿ ಮಾತು ಕೇಳುವ ದಿನ ದೂರವಿಲ್ಲ. ಇಷ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರಿಸಲಾಗದೆ ಕಾಲು ಚಾಚಿ ಕೂತು ಸುದ್ದಿ ಹೇಳಿದಳು. ನಾದಿನಿ ಈರುಳ್ಳಿ ಹೆಚ್ಚುತ್ತಿದ್ದವಳು ಕಣ್ಣೊರೆಸಿಕೊಂಡು ನಕ್ಕಳು.

"ಹತ್ತು ಕಿಲೋನಾ? ನಿನ್ನ ಸಿಟ್ಟೇ ಐದು ಕಿಲೋ ಇದೆ ಅತ್ತಿಗೆ. ಮೊದಲು ಅದನ್ನ ಇಳಿಸು, ಅರ್ಧ ಕೆಲಸ ಆಯ್ತು."

"ನಗು, ನಗು. ನಿನ್ನನ್ನ ಉರುಳಿಸಿಬಿಟ್ಟರೆ ಬಾಗಿಲಲ್ಲಿ ಸಿಕ್ಕಿಹಾಕ್ಕೊಳ್ತೀಯ. ನೀನೇನು ಬಳ್ಳಿ ಹಂಗಿದ್ದೀಯಾ?"

ನಾದಿನಿ ಅತ್ತಿಗೆಗಿಂತ ಕುಳ್ಳಿ. ತೂಕ ಕಮ್ಮಿಯಿದ್ದರೂ ನೋಡುವವರ ಕಣ್ಣಿಗೆ ಇನ್ನೂ ದುಂಡಗೆ ಕಾಣುತ್ತಿದ್ದಳು. ಗಂಡನ ಮನೆಯ ಸಹವಾಸ ಸಾಕೆಂದು ಅಣ್ಣನ ಮನೆಗೆ ಬಂದ ಮೇಲೆ ಬೇಸರ ಕಳೆಯಲು ತಿಂದದ್ದು ಹೆಚ್ಚು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಮಾತಿಗೆ ಮಾತು ಬೆಳೆದು, ಈರುಳ್ಳಿ ಬಾಣಲೆಗೆ ಬೀಳುವ ಹೊತ್ತಿಗೆ ಪಂದ್ಯ ನಿಶ್ಚಯವಾಗಿಹೋಯಿತು. ಪ್ರತಿ ಶನಿವಾರ ತೂಕ. ಆ ವಾರ ಯಾರು ಕಮ್ಮಿ ಇಳಿದಿದ್ದಾರೋ ಅವರು ಭಾನುವಾರ ಮನೆಯ ಪಾತ್ರೆ ಪೂರ್ತಿ ತಿಕ್ಕಬೇಕು. ಬಾಯಿಬಿಟ್ಟು ಗೊಣಗಕೂಡದು.

"ನಿನ್ನ ಅಣ್ಣನ್ನೂ ಸೇರಿಸ್ಕೊಳ್ಳೋಣ್ವಾ?" ಎಂದಳು ಇಸ್ತ್ರಿಯಕ್ಕ.

"ಅವನು ಬೇಡ. ನಾವು ಬಿಟ್ಟದ್ದನ್ನೆಲ್ಲ ತಿನ್ನೋಕೆ ಒಬ್ಬರು ಬೇಕಲ್ಲ."

ಒಬ್ಬಳೇ ಇದ್ದಾಗ ಇಸ್ತ್ರಿಯಕ್ಕ ಎಷ್ಟು ಸಲ ಆಣೆ ಹಾಕಿಕೊಂಡಿದ್ದಳೋ ಲೆಕ್ಕವಿಲ್ಲ. ಬೆಳಿಗ್ಗೆ ಬಿಟ್ಟ ಸಕ್ಕರೆ ಸಂಜೆಯ ಚಹಾಕ್ಕೆ ಬಂದು ಸೇರುತ್ತಿತ್ತು. ಈಗ ಎದುರಿಗೆ ಒಂದು ಜೋಡಿ ಕಣ್ಣು ಕಾವಲಿತ್ತು. ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, "ಅತ್ತಿಗೇ, ಬಿಸ್ಕತ್ತು ಕರೀತಿದೆಯಾ?" ಎಂದು ಒಳಮನೆಯಿಂದ ಕೂಗು. ಇಸ್ತ್ರಿಯಕ್ಕನೇನು ಕಮ್ಮಿ? ನಾದಿನಿಯ ತಟ್ಟೆಗೆ ಅವಳ ಕಣ್ಣು ತಪ್ಪಿಸಿ ಇನ್ನೊಂದು ಸೌಟು ಅನ್ನ ಹಾಕಿಬಿಡುತ್ತಿದ್ದಳು. ನಾದಿನಿ ಅದನ್ನು ಹಾಗೇ ಎತ್ತಿ ಅಣ್ಣನ ತಟ್ಟೆಗೆ ದಾಟಿಸುತ್ತಿದ್ದಳು. ಆ ಮನುಷ್ಯ ತಲೆಯೆತ್ತದೆ ಉಂಡು, ಇತ್ತೀಚೆಗೆ ಮನೆಯ ಹೆಂಗಸರಿಗೆ ತನ್ನ ಮೇಲೆ ಬಹಳ ಪ್ರೀತಿ ಬಂದಿದೆ ಎಂದುಕೊಂಡ.

ತೂಕಕ್ಕೆ ಲಾಂಡ್ರಿಯ ತಕ್ಕಡಿಯೇ ಗತಿ. ಅದು ನೆಲಕ್ಕೆ ಸಮವಾಗಿ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆ. ಬಟ್ಟೆ ತುಂಬಿದ ಬಂಡಿಯನ್ನು ಅದರ ಮೇಲೆ ತಳ್ಳಿದರೆ ಗೋಡೆಯ ಗಾಜಿನಲ್ಲಿ ಕೆಂಪು ಅಂಕಿ ಬರುತ್ತಿತ್ತು. ಬಂಡಿಯ ತೂಕವನ್ನು ಯಂತ್ರವೇ ಕಳೆದು ಬಟ್ಟೆಯ ತೂಕವನ್ನಷ್ಟೇ ತೋರಿಸುವ ಹಾಗೆ ಕಂಪನಿಯವರು ಮಾಡಿಟ್ಟಿದ್ದರು. ಹಾಗಾಗಿ ಮನುಷ್ಯರು ಬರೀ ಹಲಗೆಯ ಮೇಲೆ ನಿಂತರೆ ಸರಿಯಾದ ಅಂಕಿ ಬಾರದು. ಪಕ್ಕದಲ್ಲೊಂದು ಖಾಲಿ ಬಂಡಿಯನ್ನೂ ನಿಲ್ಲಿಸಿಕೊಳ್ಳಬೇಕು. ಶನಿವಾರ ಕೊನೆಯ ಬಟ್ಟೆ ಹೋದ ಮೇಲೆ ಇಸ್ತ್ರಿಯಕ್ಕ ಬಂಡಿಯ ಹಿಡಿಕೆಯ ಮೇಲೆ ಕೈಯಿಟ್ಟು ಮದುವೆಯ ಫೋಟೋಕ್ಕೆ ನಿಂತವಳಂತೆ ನಿಂತರೆ ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು.

"ನೋಡಿ, ಮದುಮಗ ಕಬ್ಬಿಣದವನು, ಬಾಯೇ ಬಿಡಲ್ಲ. ಎಂಥ ಅದೃಷ್ಟ!" ಎಂದಳು ಸೋಪಿನಜ್ಜಿ. ತೊಳೆಯುವ ಯಂತ್ರಗಳಿಗೆ ಸೋಪು ಸುರಿಯುವ ಅವಳು ಲಾಂಡ್ರಿಗೆಲ್ಲ ಹಿರಿಯಳು. ಮೈಯಲ್ಲಿ ಮೂಳೆ ಬಿಟ್ಟರೆ ನಾಲಿಗೆಯೊಂದೇ ಉಳಿದಿತ್ತು. "ನನಗೂ ಒಂದು ಪಂದ್ಯ ಇಡ್ರೇ. ಏರೋ ಪಂದ್ಯ."

ವಾರಕ್ಕೆ ಅರ್ಧ ಕಿಲೋ, ಕೆಲವು ವಾರ ಅದೂ ಇಲ್ಲ. ಆದರೂ ಇಳಿಯುತ್ತಿತ್ತು. ಒಂದು ಭಾನುವಾರ ಅತ್ತಿಗೆ ಪಾತ್ರೆ ತಿಕ್ಕಿದರೆ ಮುಂದಿನ ಭಾನುವಾರ ನಾದಿನಿ.

ಹೀಗಿರುವಾಗ ಸೂಪರ್‌ವೈಸರನ ಕಣ್ಣಿಗೆ ಇದು ಬಿತ್ತು. ಎದುರಿಗೆ ಸಾರ್ ಎಂದರೂ ಬೆನ್ನ ಹಿಂದೆ ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಯಾರು ಮಾತಾಡಿಸಿದರೂ ಮೊದಲು ಮಣಿಕಟ್ಟು ನೋಡಿಕೊಂಡೇ ಉತ್ತರ ಕೊಡುವವನು. ಇಬ್ಬರನ್ನೂ ಬಂಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಅದನ್ನು ಮೇಲಿನವರಿಗೆ ಕಳಿಸಿದ. ಮೇಲಿನವರಿಗೆ ಬಹಳ ಖುಷಿಯಾಯಿತಂತೆ. ನಮ್ಮ ಕೆಲಸಗಾರರಿಗೆ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ ಎಂದು ಹೊಗಳಿದರಂತೆ. ಹೊಗಳಿಕೆ ತಲೆಗೇರಿದ ಗಡಿಯಾರ ಮಾರನೆಯ ದಿನವೇ ಇಸ್ತ್ರಿ ಯಂತ್ರದ ಬಳಿ ಇದ್ದ ಎರಡು ಸ್ಟೂಲುಗಳನ್ನು ಎತ್ತಿಸಿದ. ಬಟ್ಟೆ ಬರುವುದು ತಡವಾದಾಗ ಎರಡು ನಿಮಿಷ ಕಾಲು ಇಳಿಬಿಡಲು ಇದ್ದ ಸ್ಟೂಲುಗಳು ಅವು.

"ಸಾರ್, ಸ್ಟೂಲು?" ಎಂದಳು ಇಸ್ತ್ರಿಯಕ್ಕ.

"ಕೂತರೆ ಕೊಬ್ಬು ಸೇರತ್ತಮ್ಮಾ. ನಿಂತರೆ ಕರಗತ್ತೆ. ನಿಮ್ಮ ಪಂದ್ಯಕ್ಕೆ ಕಂಪನಿಯಿಂದ ಸಹಾಯ ಅಂದ್ಕೊಳ್ಳಿ."

ನೆರವು ಎಂಬ ಹೆಸರಿನಲ್ಲಿ ಕಿತ್ತುಕೊಳ್ಳುವ ಕಲೆ ಅವನೊಬ್ಬನದೇ ಅಲ್ಲ. ಆದರೆ ಆ ದಿನ ಸಂಜೆ ಇಸ್ತ್ರಿಯಕ್ಕನ ಮಂಡಿ ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ನಾದಿನಿ ಬಿಸಿನೀರಿನ ಬಟ್ಟೆ ಇಡುತ್ತ, "ಬೇಗ ಇಳಿದು ಆಪರೇಷನ್ ಮಾಡಿಸ್ಕೊಂಡುಬಿಡು ಅತ್ತಿಗೆ. ಆಮೇಲೆ ಆ ಸ್ಟೂಲು ಅವನ ತಲೆ ಮೇಲೆ ಹಾಕೋಣ," ಎಂದಳು.

ಆ ತಿಂಗಳಲ್ಲೇ ಹೊಸ ಬಂಡಿಗಳು ಬಂದವು. ಕಬ್ಬಿಣದ ಹಳೆಯ ಬಂಡಿಗಳನ್ನು ಹಿತ್ತಲಿಗೆ ಎಸೆದು ನೀಲಿ ಪ್ಲಾಸ್ಟಿಕ್ಕಿನವನ್ನು ತಂದರು. ತಳ್ಳಿದರೆ ಗಾಳಿಯ ಹಾಗೆ ಓಡುತ್ತಿದ್ದವು. ಯಾರಿಗೂ ದೂರಲು ಏನೂ ಸಿಗಲಿಲ್ಲ. ಅದಾದ ಶನಿವಾರ ಇಸ್ತ್ರಿಯಕ್ಕ ತಕ್ಕಡಿ ಹತ್ತಿದಳು. ಒಮ್ಮೆಲೇ ನಾಲ್ಕೂವರೆ ಕಿಲೋ ಇಳಿದಿದ್ದಳು!

"ಸೌತೆಕಾಯಿ ಕಣೇ!" ಎಂದು ಕೂಗಿದಳು. "ರಾತ್ರಿ ಬರೀ ಸೌತೆಕಾಯಿ ತಿಂದದ್ದು ಈಗ ಕೆಲಸ ಮಾಡ್ತಿದೆ!"

ನಾದಿನಿ ಅವಳನ್ನು ಪಕ್ಕಕ್ಕೆ ನೂಕಿ ತಾನು ಹತ್ತಿದಳು. ಅವಳದೂ ನಾಲ್ಕು ಕಿಲೋ ಚಿಲ್ಲರೆ ಇಳಿದಿತ್ತು. ತಾನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ್ದರ ಫಲ ಎಂದಳು. ಒಬ್ಬರಿಗೆ ಇಳಿದಿದ್ದರೆ ಅನುಮಾನ ಬರುತ್ತಿತ್ತೇನೋ. ಇಬ್ಬರಿಗೂ ಒಟ್ಟಿಗೆ ಇಳಿದ ಮೇಲೆ ಒಬ್ಬಳ ತೂಕಕ್ಕೆ ಇನ್ನೊಬ್ಬಳೇ ಸಾಕ್ಷಿಯಾದಳು. ಆ ಭಾನುವಾರ ಇಬ್ಬರೂ ಹಾಡು ಗುನುಗಿಕೊಂಡು ಒಟ್ಟಿಗೇ ಪಾತ್ರೆ ತಿಕ್ಕಿದರು.

ಖುಷಿ ಬಹಳ ದಿನ ಬಾಳಲಿಲ್ಲ. ಗಡಿಯಾರ ಬೆಳಗಿನ ಹೊತ್ತು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಣಿಕಟ್ಟು ನೋಡಿಕೊಂಡ.

"ದಿನದ ಬಟ್ಟೆ ತೂಕ ಇಳೀತಿದೆ. ಎಷ್ಟು ಬಂಡಿ ಆಗಬೇಕೋ ಅಷ್ಟೇ ಆಗ್ತಿದೆ, ತೂಕ ಮಾತ್ರ ಇಲ್ಲ. ಅರ್ಧಂಬರ್ಧ ತುಂಬಿ ತಳ್ತಿದ್ದೀರಾ? ಹೊಟ್ಟೆಗೆ ತಿನ್ನದೆ ಪಂದ್ಯ ಕಟ್ಟಿದರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರತ್ತೆ? ಇವತ್ತಿಂದ ಸಂಜೆ ಚಹಾ ವಿರಾಮ ಇಲ್ಲ. ಅರ್ಧ ಗಂಟೆ ಜಾಸ್ತಿ ನಿಂತು ಕೊರತೆ ತುಂಬಿಸಿ ಹೋಗಬೇಕು."

ಬಂಡಿಗಳನ್ನು ಅವರು ಕುತ್ತಿಗೆಯವರೆಗೆ ತುಂಬಿ, ಮೇಲೆ ಕೈಯಿಂದ ಅದುಮಿ ಕಳಿಸುತ್ತಿದ್ದರು. ಆದರೆ ಕೆಂಪು ಅಂಕಿಯ ಮುಂದೆ ಕೈಯ ಮಾತನ್ನು ಕೇಳುವವರು ಯಾರು? ಅಂಕಿ ಕಮ್ಮಿ ಎಂದ ಮೇಲೆ ಎಲ್ಲರೂ ತಮ್ಮ ತೋಳನ್ನೇ ಅನುಮಾನಿಸಿದರು. ಆಮೇಲೆ ಒಬ್ಬರನ್ನೊಬ್ಬರು ಅನುಮಾನಿಸಿದರು. ಕೊನೆಗೆ ಎಲ್ಲರ ಕಣ್ಣೂ ಅತ್ತಿಗೆ ನಾದಿನಿಯರ ಮೇಲೆ ಬಂದು ನಿಂತಿತು. ಸೋಪಿನಜ್ಜಿಯೂ ತಮಾಷೆ ಬಿಟ್ಟಳು.

"ನಿಮ್ಮ ಮೈ ಕರಗಿಸೋಕೆ ನಮ್ಮ ಹೊಟ್ಟೆ ಉರೀಬೇಕೇನ್ರೇ? ಮನೇಲಿ ಮೊಮ್ಮಗು ದಾರಿ ಕಾಯ್ತಾ ಇರತ್ತೆ," ಎಂದಳು.

ಇಸ್ತ್ರಿಯಕ್ಕ ತಲೆ ತಗ್ಗಿಸಿದಳು. ಸೌತೆಕಾಯಿ ತಿಂದು ಎಂಟು ಗಂಟೆಯ ಕೆಲಸ ಮಾಡುವಾಗ ನಿಜಕ್ಕೂ ತಲೆ ಸುತ್ತುತ್ತಿತ್ತು. ಇನ್ನು ಸ್ವಲ್ಪ ದಿನ, ಡಾಕ್ಟರು ಹೇಳಿದ ತೂಕಕ್ಕೆ ಬಂದುಬಿಡುತ್ತೇನೆ, ಆಮೇಲೆ ಎಲ್ಲರ ಕಾಲು ಹಿಡಿದಾದರೂ ಸಮಾಧಾನ ಮಾಡುತ್ತೇನೆ ಎಂದುಕೊಂಡು ಹಲ್ಲು ಕಚ್ಚಿ ನಿಂತಳು. ಎರಡು ವಾರಗಳಲ್ಲಿ ಲಾಂಡ್ರಿಯ ತಕ್ಕಡಿ ಎಂಬತ್ತೊಂದೂವರೆ ತೋರಿಸಿತು.

ಮೂಳೆ ಡಾಕ್ಟರ ಬಳಿ ಹೋಗುವ ದಿನ ನಾದಿನಿಯೂ ಜೊತೆಗೆ ಹೊರಟಳು. ಇಸ್ತ್ರಿಯಕ್ಕ ಒಗೆದ ಸೀರೆಯನ್ನು ತಾನೇ ಇಸ್ತ್ರಿ ಮಾಡಿ ಉಟ್ಟು, ದಿನಾಂಕ ಕೈಗೆ ಬಂತೆಂಬ ಧೈರ್ಯದಲ್ಲಿ ನರ್ಸಿನ ತಕ್ಕಡಿ ಹತ್ತಿದಳು.

"ಎಂಬತ್ತೈದೂವರೆ," ಎಂದಳು ನರ್ಸು.

"ಇನ್ನೊಂದು ಸಲ ನೋಡಿ ಸಿಸ್ಟರ್."

ನರ್ಸು ನೋಡಿದಳು. ಮತ್ತೆ ಎಂಬತ್ತೈದೂವರೆ. ಡಾಕ್ಟರು ಫೈಲಿನಿಂದ ಕಣ್ಣೆತ್ತಲಿಲ್ಲ. "ಆರು ಕಿಲೋಕ್ಕಿಂತ ಜಾಸ್ತಿ ಇಳಿಸಿದ್ದೀರಿ, ಒಳ್ಳೆಯದು. ಇನ್ನೂ ಮೂರೂವರೆ ಬಾಕಿ. ಈಗ ಖಾಲಿ ಇರೋ ದಿನವನ್ನ ಬೇರೆಯವರಿಗೆ ಕೊಡ್ತೀವಿ. ಮೂರು ತಿಂಗಳು ಬಿಟ್ಟು ಬನ್ನಿ."

ಇಸ್ತ್ರಿಯಕ್ಕ ಹೊರಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ನಾದಿನಿ ಅವಳ ಮುಖವನ್ನೇ ನೋಡಿದಳು.

"ನಿಜ ಹೇಳು ಅತ್ತಿಗೆ. ನಿನ್ನೆ ರಾತ್ರಿ ಎದ್ದು ಏನಾದ್ರೂ ತಿಂದ್ಯಾ?"

"ಒಂದು ರಾತ್ರೀಲಿ ನಾಲ್ಕು ಕಿಲೋ ತಿನ್ನೋಕೆ ನಾನೇನು ಎಮ್ಮೆನಾ? ಈ ನರ್ಸಿನ ತಕ್ಕಡೀನೇ ಕೆಟ್ಟಿದೆ!"

"ತಡಿ, ನಾನೂ ಹತ್ತಿ ನೋಡ್ತೀನಿ." ನರ್ಸು ಬೇಡವೆನ್ನುವುದರೊಳಗೆ ನಾದಿನಿ ಚಪ್ಪಲಿ ಬಿಟ್ಟು ಹತ್ತಿಯಾಗಿತ್ತು. ಶನಿವಾರದ ತೂಕಕ್ಕಿಂತ ಅವಳದೂ ನಾಲ್ಕು ಕಿಲೋ ಜಾಸ್ತಿ. ಇಳಿಯುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಇಬ್ಬರಿಗೂ ಒಂದೇ ಸಮ ಜಾಸ್ತಿ ಬಂತಲ್ಲ ಅತ್ತಿಗೆ. ಇದು ತಿಂದದ್ದಲ್ಲ. ನಡಿ ಕೆಳಗೆ."

ಲಾಂಡ್ರಿಗೆ ಬಂದವಳೇ ನಾದಿನಿ ಒಂದು ನೀಲಿ ಬಂಡಿಯನ್ನು ಖಾಲಿ ಮಾಡಿ ತಕ್ಕಡಿಯ ಮೇಲೆ ತಳ್ಳಿದಳು. ಬಂಡಿಯೊಂದೇ. ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ, ಒಳಗೆ ಏನೂ ಇರಲಿಲ್ಲ. ಗಾಜಿನಲ್ಲಿ ಸೊನ್ನೆ ಬರಬೇಕಿತ್ತು. ಬಂದದ್ದು ಸೊನ್ನೆಗಿಂತ ನಾಲ್ಕು ಕಿಲೋ ಕೆಳಗಿನ ಅಂಕಿ. ಖಾಲಿ ಬಂಡಿಯನ್ನು ತೂಗುವ ಕೆಲಸ ಲಾಂಡ್ರಿಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಇಷ್ಟು ದಿನ ಯಾರೂ ನೋಡಿರಲಿಲ್ಲ.

ಹಿತ್ತಲಲ್ಲಿ ಬಿದ್ದಿದ್ದ ಕಬ್ಬಿಣದ ಬಂಡಿಯೊಂದನ್ನು ಇಬ್ಬರೂ ಎಳೆದು ತಂದರು. ಅದನ್ನು ನಿಲ್ಲಿಸಿದರೆ ಸರಿಯಾಗಿ ಸೊನ್ನೆ. ಬಂಡಿ ಬದಲಾಗಿತ್ತು, ತಕ್ಕಡಿಯನ್ನು ಯಾರೂ ಬದಲಾಯಿಸಿರಲಿಲ್ಲ. ಅದು ಈಗಲೂ ಕಬ್ಬಿಣದ ಭಾರವನ್ನೇ ಕಳೆಯುತ್ತಿತ್ತು. ಹೊಸ ಬಂಡಿ ನಾಲ್ಕು ಕಿಲೋ ಹಗುರ.

"ಹಾಗಾದ್ರೆ ನಮ್ಮ ತೂಕ..." ಎಂದಳು ಇಸ್ತ್ರಿಯಕ್ಕ. ಅಷ್ಟರಲ್ಲಿ ಪಕ್ಕದಲ್ಲಿ ಸಾಲಾಗಿ ನಿಂತ ತುಂಬಿದ ಬಂಡಿಗಳು ಕಣ್ಣಿಗೆ ಬಿದ್ದವು. ಒಂದೊಂದರಲ್ಲೂ ನಾಲ್ಕು ಕಿಲೋ ಬಟ್ಟೆ ತೊಳೆದೂ ತೊಳೆಯದ ಲೆಕ್ಕಕ್ಕೆ ಹೋಗಿತ್ತು. ಯಾರೂ ಅರ್ಧಂಬರ್ಧ ತುಂಬಿರಲಿಲ್ಲ. ಯಾರ ತೋಳೂ ಸೋತಿರಲಿಲ್ಲ. ಮಾಡಿದ ಕೆಲಸವನ್ನೇ ಮಾಡಿಲ್ಲವೆನ್ನಿಸಿಕೊಂಡು, ಅದಕ್ಕೆ ದಂಡವಾಗಿ ಮತ್ತೆ ಅರ್ಧ ಗಂಟೆ ನಿಂತಿದ್ದರು.

ಇಸ್ತ್ರಿಯಕ್ಕ ನಾದಿನಿಯನ್ನು ಅಲ್ಲೇ ಬಿಟ್ಟು ಗಡಿಯಾರನ ಕೋಣೆಗೆ ಹೋದಳು. ಅವನು ಎದ್ದು ಬಂದು ಎರಡೂ ಬಂಡಿಗಳನ್ನು ನೋಡಿದ. ಮೊದಲ ಬಾರಿಗೆ ಮಣಿಕಟ್ಟು ನೋಡಿಕೊಳ್ಳುವುದನ್ನು ಮರೆತ. ಮತ್ತೆ ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ.

"ಬಂಡಿ ಬಂದ ದಿನ ನಾನು ತಕ್ಕಡೀನ ಸೊನ್ನೆ ಮಾಡಬೇಕಿತ್ತಮ್ಮಾ. ಬಿಟ್ಟುಹೋಯ್ತು. ಮೇಲಿನವರಿಗೆ ಗೊತ್ತಾದರೆ ನನ್ನ ಕತ್ತಿಗೆ ಬರತ್ತೆ. ನೀವು ಇದನ್ನ ದೊಡ್ಡದು ಮಾಡಬೇಡಿ. ನಾಳೆ ಸದ್ದಿಲ್ಲದೆ ಸರಿಮಾಡಿಬಿಡ್ತೀನಿ."

"ನನ್ನ ಆಪರೇಷನ್ ದಿನ ಹೋಯ್ತು ಸಾರ್."

"ಅದನ್ನೇ ಹೇಳೋಕೆ ಬಂದೆ. ಮೂಳೆ ವಿಭಾಗದ ಗುಮಾಸ್ತ ನನ್ನ ಭಾವಮೈದ. ಒಂದು ಮಾತು ಹೇಳಿದರೆ ನಿಮ್ಮ ದಿನ ನಿಮಗೇ ವಾಪಸ್ ಬರತ್ತೆ. ಫೈಲಲ್ಲಿ ಎಂಬತ್ತೆರಡು ಅಂತ ಬರೆದರೆ ಆಯ್ತು, ಮೂರು ಕಿಲೋ ಯಾರು ನೋಡ್ತಾರೆ?"

ಇಸ್ತ್ರಿಯಕ್ಕ ಮೇಜಿನ ಅಂಚು ಹಿಡಿದು ನಿಂತಳು. ಮಂಡಿ ಒಳಗಿನಿಂದ ಚುಚ್ಚುತ್ತಿತ್ತು. ಆಸೆಯಾಗಲಿಲ್ಲವೆಂದರೆ ಸುಳ್ಳು. ಇನ್ನು ಮೂರು ತಿಂಗಳು ಈ ಕಾಲಿನ ಮೇಲೆ ನಿಲ್ಲುವುದನ್ನು ನೆನೆದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಕೋಣೆಯ ಹೊರಗಿದ್ದ ಲಾಂಡ್ರಿಯವರೇನು ಅವಳನ್ನು ಎತ್ತಿ ಆಡಿಸಿದ್ದರೇ? ಇಷ್ಟು ದಿನ ಚುಚ್ಚಿ ಚುಚ್ಚಿ ಮಾತಾಡಿದ್ದರು. ಹೂಂ ಎಂದರೆ ಮುಗಿಯಿತು.

"ಆ ಅರ್ಧ ಗಂಟೆ ಸಾರ್? ಚಹಾದ ಹೊತ್ತು? ಅದು ನಿಲ್ಲತ್ತಲ್ವಾ?"

ಗಡಿಯಾರ ಈಗ ಮಣಿಕಟ್ಟು ನೋಡಿಕೊಂಡ. "ಅದು ಇರಲಿ ಬಿಡಿ. ಒಮ್ಮೆಲೇ ನಿಲ್ಲಿಸಿದರೆ ಯಾಕೆ ಅಂತ ಕೇಳ್ತಾರೆ. ಹೇಗೂ ಎಲ್ಲರಿಗೂ ಅಭ್ಯಾಸ ಆಗಿದೆಯಲ್ಲ."

ಅವನು ಮೊದಲು ಹೇಳಿದ್ದನ್ನೆಲ್ಲ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಈ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅಭ್ಯಾಸ ಆಗಿದೆಯಂತೆ! ಕತ್ತೆಗೂ ಯಾರೂ ಇಷ್ಟು ನಿರಾಳವಾಗಿ ಹೀಗೆ ಹೇಳುವುದಿಲ್ಲ. ಅವಳು ಬಾಗಿಲು ತೆರೆದು ಹೊರಗೆ ಬಂದಳು. ಉರುಳೆ ಯಂತ್ರದ ಕೆಂಪು ಗುಂಡಿಯನ್ನು ಒತ್ತಿದಳು. ಯಂತ್ರ ನಿಂತ ಮೌನಕ್ಕೆ ಎಲ್ಲರೂ ತಿರುಗಿ ನೋಡಿದರು.

"ಇಲ್ಲಿ ಬನ್ನಿ ಎಲ್ಲರೂ. ಅಜ್ಜಿ, ಸೋಪು ಬಿಟ್ಟು ಬಾ. ಖಾಲಿ ಬಂಡಿ ನೋಡಿ."

ಬಂಡಿಗಳನ್ನು ತೋರಿಸಿದಳು. ಗಡಿಯಾರ ಕೋಣೆಯಲ್ಲಿ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದಳು, ಭಾವಮೈದನನ್ನೂ ಸೇರಿಸಿ. ಹೇಳುವಾಗಲೇ ತನ್ನ ದಿನ ಕೈಬಿಟ್ಟುಹೋಗುತ್ತಿದೆ ಎಂದು ಗೊತ್ತಿತ್ತು. ಸೋಪಿನಜ್ಜಿ ಗಾಜಿನ ಅಂಕಿಯ ಹತ್ತಿರ ಕಣ್ಣಿಟ್ಟು ನೋಡಿದಳು. ಮತ್ತೆ ಗಡಿಯಾರನ ಕಡೆ ತಿರುಗಿದಳು.

"ನಾವು ಮೈಗಳ್ಳಿಯರು ಅಂತ ದಿನಾ ಬೆಳಿಗ್ಗೆ ನಿಲ್ಲಿಸಿ ಬೈದ್ಯಲ್ಲಪ್ಪಾ. ಈಗ ಯಾರನ್ನ ನಿಲ್ಲಿಸಬೇಕು ಹೇಳು."

ಅವನು ಮೊದಲು ಗದರಿದ. ಆಮೇಲೆ ಕಂಪನಿಯ ನಿಯಮ ಎಂದ. ಆಮೇಲೆ ವಾರ್ಡುಗಳಲ್ಲಿ ರೋಗಿಗಳು ಬರಿಯ ಹಾಸಿಗೆಯ ಮೇಲೆ ಮಲಗುತ್ತಾರೆ, ಪಾಪ ಬರುತ್ತದೆ ಎಂದ. "ಪಾಪ ನಿಮ್ಮ ತಕ್ಕಡೀಲಿ ಎಷ್ಟು ತೂಗತ್ತೆ ಸಾರ್? ನಾಲ್ಕು ಕಿಲೋ ಕಮ್ಮೀನೇ ತಾನೆ?" ಎಂದಳು ನಾದಿನಿ. ಯಾರೂ ಯಂತ್ರ ಹಚ್ಚಲಿಲ್ಲ. ಸಂಜೆಯ ಹೊತ್ತಿಗೆ ಮೇಲಿನ ವಾರ್ಡುಗಳಿಂದ ಹೊದಿಕೆ ಎಲ್ಲಿ ಎಂದು ಒಂದರ ಹಿಂದೊಂದು ಫೋನು ಬಂದವು. ಕೊನೆಗೆ ಮ್ಯಾನೇಜರೇ ಇಳಿದು ಬಂದ. ಬಂಡಿ ನೋಡಿದ. ಅರ್ಧ ಗಂಟೆ ರದ್ದಾಯಿತು, ಚಹಾದ ಹೊತ್ತು ಬಂತು. ಸ್ಟೂಲಿನ ಮಾತು ಎತ್ತಿದಾಗ ಅದನ್ನು ವಿಚಾರ ಮಾಡುತ್ತೇವೆ ಎಂದ. ವಿಚಾರ ಮಾಡುತ್ತಲೇ ಇದ್ದಾರೆ.

ಭಾವಮೈದನಿಗೆ ಯಾರೂ ಮಾತು ಹೇಳಲಿಲ್ಲ. ಇಸ್ತ್ರಿಯಕ್ಕನ ದಿನ ಇನ್ಯಾರಿಗೋ ಹೋಯಿತು.

ಆ ಮೂರು ತಿಂಗಳು ಸುಲಭವಾಗಿರಲಿಲ್ಲ. ಒಂದೆರಡು ವಾರ ಅವಳು ಪಂದ್ಯವನ್ನೇ ಬಿಟ್ಟಳು. ಏನು ತಿಂದರೇನು, ಬಿಟ್ಟರೇನು ಎಂದು ಬೇಸರದಲ್ಲಿ ಡಬ್ಬಿ ತೆರೆದು ಕೂತಳು. ನಾದಿನಿ ಭಾನುವಾರ ಪಾತ್ರೆಗಳನ್ನು ಅವಳ ಮುಂದೆ ತಂದು ಸುರಿದಳು. "ಸೋತವರು ತಿಕ್ಕಬೇಕು. ಗೊಣಗಕೂಡದು." ಮೂರನೆಯ ಭಾನುವಾರ ಇಸ್ತ್ರಿಯಕ್ಕ ಪಾತ್ರೆಗಳನ್ನು ಹಾಗೇ ಹಿಂದಕ್ಕೆ ತಳ್ಳಿ, "ಬಾರೇ, ಮುಂದಿನ ವಾರ ನಿನ್ನ ಕೈಯಲ್ಲಿ ತಳ ಹಿಡಿದ ಬಾಣಲೆ ತಿಕ್ಕಿಸದಿದ್ದರೆ ಕೇಳು," ಎಂದಳು. ನಿಲ್ಲುವ ಕೆಲಸವನ್ನು ಎಲ್ಲರೂ ಸರದಿಯ ಮೇಲೆ ಹಂಚಿಕೊಂಡರು. ಮಂಡಿ ಊದಿದ ದಿನ ಅವಳು ಬಟ್ಟೆಯ ಗಂಟಿನ ಮೇಲೆ ಕೂತು ಹರಿದ ಹೊದಿಕೆಗಳಿಗೆ ಹೊಲಿಗೆ ಹಾಕಿದಳು. ಗಡಿಯಾರ ನೋಡಿಯೂ ನೋಡದವನಂತೆ ದಾಟಿಹೋದ.

ನರ್ಸಿನ ತಕ್ಕಡಿ ಈ ಸಲ ಎಂಬತ್ತೊಂದು ಮುಕ್ಕಾಲು ಎಂದಿತು. ಡಾಕ್ಟರು ಫೈಲು ನೋಡಿ ಮುಂದಿನ ತಿಂಗಳಿಗೆ ದಿನ ಬರೆದರು. ಚೀಟಿ ಹರಿದು ಕೊಡುತ್ತ, "ಆಪರೇಷನ್ ಆದ ಮೇಲೆ ಆರು ವಾರ ನಿಲ್ಲೋ ಕೆಲಸ ಬೇಡ," ಎಂದರು.

ಹೊರಗೆ ಬಂದು ಇಸ್ತ್ರಿಯಕ್ಕ ಚೀಟಿಯನ್ನು ಎರಡು ಸಲ ಓದಿದಳು.

"ಆರು ವಾರ ಅಂತೆ ಕಣೇ. ಮನೇಲಿ ರೆಸ್ಟ್ ತಗೊಳ್ಳಮ್ಮಾ ಅಂತಾರೆ, ಅಷ್ಟೇ."

"ಅನ್ನಲಿ. ಅನ್ನೋವಾಗ ನಾವೂ ಕೇಳಿಸ್ಕೊಳ್ಳೋಣ," ಎಂದಳು ನಾದಿನಿ.

ಗಡಿಯಾರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮಣಿಕಟ್ಟು ನೋಡಿಕೊಂಡ. ಸಿಹಿಯಾಗಿ ಏನೋ ಹೇಳಲು ಬಾಯಿ ತೆರೆದ. ಇಸ್ತ್ರಿಯಕ್ಕ ಅವನ ಮೇಜಿನ ಮುಂದಿನ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತಳು. "ಆರು ವಾರ ರಜೆ, ಆಮೇಲೆ ಇದೇ ಯಂತ್ರ. ಎರಡನ್ನೂ ಬರೆದು ಸಹಿ ಹಾಕಿ ಕೊಡಿ ಸಾರ್," ಎಂದಳು. ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಸೋಪಿನಜ್ಜಿ, ಅವಳ ಹಿಂದೆ ನಾದಿನಿ, ನಾದಿನಿಯ ಹಿಂದೆ ಮಡಚುವವರು, ಹಿಂಡುವವರು, ಬಂಡಿ ತಳ್ಳುವವರು. ಲಾಂಡ್ರಿಯಲ್ಲಿ ಒಂದೊಂದೇ ಯಂತ್ರ ನಿಲ್ಲುತ್ತಿತ್ತು. ಅವನು ಡ್ರಾಯರು ಎಳೆದು ಪೆನ್ನು ಹುಡುಕತೊಡಗಿದ.